ಜಯಲಕ್ಷ್ಮಮ್ಮನವರ ತಾರಸಿಯ ಗಾಳಿಯಂತ್ರ

ಹಾಸನದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಗಿರಿಧರನಿಗೆ, ಪೇಟೆಯ ಕಟ್ಟಡಗಳ ಮೇಲೆಯೇ ಸಣ್ಣ ಗಾಳಿಯಂತ್ರ ಕೂರಿಸಿ ಕರೆಂಟು ತೆಗೆಯುವ ಹುಚ್ಚು ಹಿಡಿದದ್ದು ಎರಡು ಸಾವಿರದ ಮೂರರ ಸುಮಾರಿಗೆ. ಮೊದಲ ಯಂತ್ರವನ್ನು ಶಾಂತಿಗ್ರಾಮದ ಬಯಲಲ್ಲಿ ನಿಲ್ಲಿಸಿ ನೋಡಿದ್ದ. ಚೆನ್ನಾಗಿ ತಿರುಗಿತ್ತು. ಅದನ್ನೇ ತಂದು ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದ ಜಯಲಕ್ಷ್ಮಮ್ಮನವರ ಕಟ್ಟಡದ ತಾರಸಿಗೆ ಏರಿಸಿದ. ಕೆಳಗೆ ಕೊಬ್ಬರಿ ಮಂಡಿ, ನಡುವೆ ಆಶಾರಾಣಿಯ ಟೈಲರಿಂಗ್ ಅಂಗಡಿ, ಮೇಲೆ ಜಯಲಕ್ಷ್ಮಮ್ಮನವರ ಮನೆ. ಕರೆಂಟು ಹೋದಾಗ ಮೆಟ್ಟಿಲಿಗೊಂದು ದೀಪ ಉರಿದರೆ ಸಾಕೆಂದು ಆಕೆ ಒಪ್ಪಿದ್ದರು.

ಆಷಾಢದ ಗಾಳಿ ಬೀಸತೊಡಗಿತು. ರೆಕ್ಕೆಯನ್ನು ಗಾಳಿಗೆದುರಾಗಿ ತಿರುಗಿಸಬೇಕಾದ ಬಾಲ ದಿಕ್ಕು ಹುಡುಕುತ್ತ ಸುತ್ತಿದ್ದೇ ಸುತ್ತಿದ್ದು; ರೆಕ್ಕೆ ಮಾತ್ರ ಒಂದು ಸುತ್ತು ಹಾಕಿ ನಿಲ್ಲುವುದು, ಮತ್ತೆ ಅರ್ಧ ಸುತ್ತು. ರಸ್ತೆಯಾಚೆಯ ತೆಂಗಿನ ಗರಿಗಳು ಪೂರ್ವಕ್ಕೆ ವಾಲಿದ್ದರೆ, ಇಲ್ಲಿ ಒಣಹಾಕಿದ್ದ ಸೀರೆ ಪಶ್ಚಿಮಕ್ಕೆ ಹಾರುತ್ತಿತ್ತು. ಬಯಲಲ್ಲಿ ನೆಟ್ಟಗೆ ಬರುವ ಗಾಳಿ ಇಲ್ಲಿ ಗೋಡೆಗಳಿಗೆ ಬಡಿದು ಸುಳಿಯಾಗುತ್ತದೆಂದು ಅವನಿಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಇಷ್ಟೊಂದು ಅಂತ ಗೊತ್ತಿರಲಿಲ್ಲ.

ಬಾಲದ ಯಂತ್ರವನ್ನು ಇಳಿಸಿ, ಎಣ್ಣೆ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಎರಡು ಹೋಳುಗಳನ್ನು ಕಂಬದ ಸುತ್ತ ತಿರುಗುವಂತೆ ನಿಲ್ಲಿಸಿದ. ಯಾವ ಕಡೆಯ ಗಾಳಿಯಾದರೂ ಅದಕ್ಕೆ ಸರಿ. ತಿರುಗಿತು. ಮೆಟ್ಟಿಲ ದೀಪವೂ ಹತ್ತಿತು. ಆದರೆ ಇಡೀ ಕಟ್ಟಡ ಗುಂಯ್‌ಗುಡತೊಡಗಿತು. ಕತ್ತರಿ ಮೇಜಿನ ಮೇಲೆ ತಾನಾಗೇ ಜರುಗುತ್ತದೆ, ಗಿರಾಕಿಗಳು ಬರಲು ಅಂಜುತ್ತಾರೆ ಎಂದು ಆಶಾರಾಣಿ ದೂರಿದಳು.

ಆ ಮನೆಯಲ್ಲಿ ಜಯಲಕ್ಷ್ಮಮ್ಮನವರ ಭಾವ ದೊಡ್ಡಯ್ಯನೂ ಇದ್ದರು. ಹಿಂದೊಮ್ಮೆ ಬಂದ ಜ್ವರದಲ್ಲಿ ಅವರ ಎರಡೂ ಕಿವಿ ಹೋಗಿದ್ದವು. ಒಂದು ಮಧ್ಯಾಹ್ನ ಊಟ ಮಾಡುತ್ತಾ ತಟ್ಟನೆ ನಿಲ್ಲಿಸಿ, ಗೋಡೆಗೆ ಅಂಗೈ ಒತ್ತಿ ಕೇಳಿದರು.

“ಯಾರ್ ಮಾತಾಡ್ತಾವ್ರೆ ಒಳಗೆ?”

ಜಯಲಕ್ಷ್ಮಮ್ಮನವರು ಬಡಿಸುತ್ತಿದ್ದ ಸೌಟು ಕೆಳಗಿಟ್ಟರು. ಭಾವನಿಗೆ ಬುದ್ಧಿ ಕೆಟ್ಟಿತೋ, ಕಿವಿ ಬಂತೋ ತಿಳಿಯದೆ ಗಿರಿಧರನನ್ನು ಕರೆಸಿದರು. ಅವನಿಗೂ ಹೊಳೆಯಲಿಲ್ಲ. ಮುದುಕರು ದಿನವಿಡೀ ಮಂಚ ಗೋಡೆಗೆ ಸರಿಸಿಕೊಂಡು, ತಲೆ ಆನಿಸಿ ಕೂತಿರುತ್ತಿದ್ದರಂತೆ. ಮುಖದಲ್ಲಿ ನಗುವಿರುತ್ತಿತ್ತಂತೆ.

ಆದರೂ ಆಶಾರಾಣಿಯ ದೂರನ್ನು ಬಿಡುವಂತಿರಲಿಲ್ಲ. ಕಂಬದ ಬುಡಕ್ಕೆ ದಪ್ಪ ರಬ್ಬರ್ ಹಾಕಿ ಬಿಗಿದ. ಗೋಡೆಗಳು ಸುಮ್ಮನಾದವು. ಕೆಲಸ ಮುಗಿಯಿತೆಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ದೊಡ್ಡಯ್ಯ ಮೆಟ್ಟಿಲು ಹತ್ತಿ ಬಂದರು. ತಿರುಗುತ್ತಿದ್ದ ಡ್ರಮ್ಮನ್ನು ನೋಡಿದರು, ಗಿರಿಧರನನ್ನು ನೋಡಿದರು.

“ತಿರುಗ್ತಾನೇ ಐತಲ್ಲ. ನಂದೇ ಓಯ್ತಾ ಮತ್ತೆ, ಕಿವಿ?”

ಮುದುಕರಿಗೆ ಮಾತಿನಂತೆ ತಾಗಿದ್ದು ಗೋಡೆಯ ನಡುಕವೆಂದು ಅವನಿಗೆ ಆಗ ಹೊಳೆಯಿತು. ಕಿವಿ ಬಂದೇ ಇರಲಿಲ್ಲ ಎಂದು ಹೇಳುವುದು ಹೇಗೆ? ಹೇಳಿದರೂ ಕೇಳುವುದಿಲ್ಲ. ಗಿರಿಧರ ಅವರ ಕೈ ಹಿಡಿದು ಕಂಬದ ಮೇಲಿಟ್ಟ. ಮುದುಕರು ಕಣ್ಣು ಮುಚ್ಚಿದರು. ಮೆಲ್ಲಗೆ ಅಂದರು: “ಬರೀ ಗಾಳಿ ಕಣಪ್ಪ ಇದು, ನಂಗೂ ಗೊತ್ತಾಯ್ತು. ಆದ್ರೂ ಇರ್ಲಿ.”

ಅವರ ಹಿಂದೆಯೇ ಮೆಟ್ಟಿಲು ಹತ್ತಿದ್ದ ಜಯಲಕ್ಷ್ಮಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. “ಏನಾರ ಮಾಡಿ, ಮೇಷ್ಟ್ರೇ,” ಎಂದರು.

ಅವನು ಮಾಡಿದ್ದು ಯಾವ ಪುಸ್ತಕದಲ್ಲೂ ಇಲ್ಲದ್ದು. ರಬ್ಬರ್ ತೆಗೆಯಲಿಲ್ಲ. ಕಂಬದಿಂದ ಒಂದು ಕಬ್ಬಿಣದ ಸರಳನ್ನು ಗವಾಕ್ಷಿಯೊಳಗಿಂದ ಇಳಿಸಿ, ಗೋಡೆಗೆ ತಾಗದಂತೆ ದೊಡ್ಡಯ್ಯನ ಮಂಚದ ತಲೆದೆಸೆಗೆ ಬಿಗಿದ. ಗುಂಯ್‌ಗುಡುವಿಕೆ ಅಲ್ಲಿಗಷ್ಟೇ ಇಳಿಯಿತು, ಅಥವಾ ಹಾಗೆ ತೋರಿತು. ಕೆಲವು ದಿನ ಆಶಾರಾಣಿಯ ಕತ್ತರಿ ಮತ್ತೆ ಅಲ್ಲಾಡಿದ್ದೂ ಉಂಟು. ಯಾಕೆಂದು ಅವನಿಗೆ ಕೊನೆಗೂ ಬಗೆಹರಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಕಾಲೇಜಿನ ಪ್ರಿನ್ಸಿಪಾಲರು ಯಂತ್ರ ನೋಡಲು ಬಂದರು. ಗಾಳಿ ಮಂದವಾಗಿತ್ತು, ದೀಪವೂ ಮಂಕು. ಎಲ್ಲವನ್ನೂ ಮೆಚ್ಚಿ ತಲೆಯಾಡಿಸಿದವರು, ಆ ಸರಳು ಯಾತಕ್ಕೆ ಎಂದು ಕೇಳಿದರು. ಕಂಪನ ಅನ್ನಲೋ, ತಪ್ಪು ಅನ್ನಲೋ, ಇಡೀ ಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವುದು ಅದೊಂದೇ ಅನ್ನಲೋ ಗಿರಿಧರನಿಗೆ ಗೊತ್ತಾಗಲಿಲ್ಲ.

“ಅದು ಬೇರೆ, ಸಾರ್,” ಎಂದ.