ಬಿಚ್ಚದ ಛತ್ರಿ

ಅಕ್ಕನಾಗಮ್ಮನವರು ಛತ್ರಿ ಬಿಚ್ಚಿದ್ದನ್ನು ಟಿಕೋಟಾದಲ್ಲಿ ಯಾರೂ ನೋಡಿಲ್ಲ. ಎಂಥ ಬಿಸಿಲಲ್ಲೂ ಮಡಿಸಿಯೇ ಹಿಡಿದು ಬರುವರು. ಬಿಚ್ಚಿರಿ ಎಂದರೆ, “ಬಿಚ್ಚಿದರ ಬರಿಯೂದು ಹ್ಯಾಂಗಬೇ?” ಎನ್ನುವರು.

ವಿಜಾಪುರದ ಬಸ್ಸಿಳಿದು ಎಡಗಾಲು ತುಸು ಎಳೆಯುತ್ತ ಅವರು ಬರುವಾಗ ಬಿಸಿಲುಗುದುರೆಯಲ್ಲಿ ಪಾದ ಕಾಣುತ್ತಿರಲಿಲ್ಲ. ನೀರಿನ ಮೇಲೆ ನಡೆದು ಬಂದಂತೆ ಇರುತ್ತಿತ್ತು. ಗಂಡ ತೀರಿದ ಮೇಲೆ ಊರಿನ ಸಕ್ರವ್ವ ಕಟ್ಟೆಗೆ ಕೂತು ಆ ದಾರಿಯನ್ನೇ ನೋಡುತ್ತಿದ್ದಳು. ದೂರದಲ್ಲಿ ಏನು ಅಲುಗಿದರೂ ಮೊದಲು ಅವನೇ ಅನ್ನಿಸುವುದು. ಹತ್ತಿರ ಬಂದರೆ ಅಕ್ಕನಾಗಮ್ಮನವರು.

ಅವರು ಸರಕಾರದ ಗ್ರಾಮಸೇವಕಿ. ಟಿಕೋಟಾ, ಬಬಲೇಶ್ವರ, ಅರಕೇರಿ, ಎಲ್ಲ ಕಡೆ ಹೆಂಗಸರ ಸಂಘ ಕಟ್ಟಿದವರು. ಸಿಕ್ಕವರಿಗೆಲ್ಲ ಅವರದು ಒಂದೇ ಪ್ರಶ್ನೆ.

“ನಿನ್ನ ಹೆಸರೇನಬೇ?”

“ಗಾಣಿಗೇರ ಸೊಸಿ ರಿ.”

“ಸೊಸಿ ಇರು, ಬ್ಯಾಡಂದವರ್ಯಾರು. ನೀ ಯಾರು?”

ಎಲ್ಲೋ ಇಟ್ಟು ಮರೆತದ್ದನ್ನು ಹುಡುಕಿ ತಂದ ಹಾಗೆ ಹೆಂಗಸರು ತಮ್ಮ ಹೆಸರು ಹೇಳುವರು. ಹೇಳಿದ ಕೂಡಲೇ ಅಕ್ಕನಾಗಮ್ಮನವರು ಅದನ್ನು ಛತ್ರಿಯ ತುದಿಯಿಂದ ಮಣ್ಣಿನಲ್ಲಿ ಬರೆದು ತೋರಿಸುವರು. ಸಕ್ರವ್ವ ಓದಲು ಕಲಿತದ್ದು ಹಾಗೆ ಬರೆದ ಮೂರು ಅಕ್ಷರ. ಅಷ್ಟೇ.

ಹೆಂಗಸರ ವರ್ಷ ಎಂದು ಸಾರಿದ ಎಪ್ಪತ್ತೈದರಲ್ಲಿ ಸಂಘಕ್ಕೆ ಆರು ಹೊಲಿಗೆ ಮಷೀನು ಮಂಜೂರಾದವು. ಒಂದು ಸಿಕ್ಕರೆ ಸಕ್ರವ್ವನಿಗೆ ಮೈದುನನ ಮನೆಯ ಹಂಗು ತಪ್ಪುತ್ತಿತ್ತು. ಆದರೆ ಅಕ್ಕನಾಗಮ್ಮನವರು ಅರ್ಜಿಯಲ್ಲಿ ಗಂಡನ ಹೆಸರಿನ ಸಾಲನ್ನು ಖಾಲಿ ಬಿಟ್ಟಿದ್ದರು. ಸಂಘ ಹೆಂಗಸರದು, ಗಂಡಸರ ಹೆಸರು ಯಾಕೆ ಎಂಬ ಹಟ. ಮಾರ್ಚ್ ಮುಗಿಯಲು ಎರಡು ದಿನ ಇದ್ದಾಗ ತಪಾಸಣೆಗೆ ಬಸಲಿಂಗಯ್ಯ ಸಾಹೇಬರು ಬಂದರು. ಚಾವಡಿಯಲ್ಲಿ ಇಪ್ಪತ್ತೊಂದು ಹೆಂಗಸರು ಕೂತಿದ್ದರು.

“ಒಂದ ಊರಾಗ, ಇಲ್ಲದ ಹೆಂಗಸರ ಹೆಸರಿಲೆ ಮಷೀನ ಒಯ್ದಾರ್ರಿ ಅಕ್ಕಾರ. ಈ ಸಾಲು ತುಂಬದ ನಾ ಸಹಿ ಮಾಡಾಂಗಿಲ್ಲ” ಎಂದ ಸಾಹೇಬರು ಮುಂದೆ ಕೂತಿದ್ದ ರೇಣುಕವ್ವನ ಕಡೆ ತಿರುಗಿದರು. “ಗಂಡನ ಹೆಸರು?”

“ನಮ್ಮ ಮಾವನ ಹಿರೇಮಗಾ ರಿ.”

“ಮಾವನ ಹೆಸರು?”

“ಅದನ್ನೂ ಹೇಳಾಂಗಿಲ್ರಿ.”

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ. ಒಗಟಿನಂಥ ಪ್ರಾಸದ ಒಡಪಿನಲ್ಲಿ ಸೇರಿಸಿ ಹೇಳುವುದು ಮದುವೆಯಲ್ಲಿ, ಸಾಹೇಬರ ಮುಂದೆ ಅಲ್ಲ. ಅಕ್ಕನಾಗಮ್ಮನವರಿಗೋ ಈ ಹೆಂಗಸರ ಗಂಡಂದಿರ ಹೆಸರು ಗೊತ್ತೇ ಇಲ್ಲ, ಎಂದೂ ಕೇಳಿದವರಲ್ಲ. ಅವರ ಮುಖ ಬಾಡಿತು. ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು.

ಹಿಂದೆ ಗೋಡೆಗೆ ಒರಗಿದ್ದ ಸಕ್ರವ್ವ ಎದ್ದು ನಿಂತಳು.

“ನಾ ಹೇಳತೇನಿ, ಬರಕೋರಿ. ಈಕಿ ಗಂಡ ಗುರುಪಾದಯ್ಯ. ಗುಲಶನನ ಗಂಡ ಲಾಡಲೇಸಾಬ.”

ತನ್ನದೊಂದು ಬಿಟ್ಟು ಇಪ್ಪತ್ತೂ ಹೇಳಿದಳು.

“ಊರ ಗಂಡಸರನೆಲ್ಲಾ ಬಾಯಾಗ ಇಟ್ಕೊಂಡಾಳ ನೋಡಬೇ” ಎಂದಳು ಗುಲಶನ. ಎಲ್ಲರೂ ನಕ್ಕರು.

“ನಿಂದು?” ಎಂದರು ಸಾಹೇಬರು.

ನಗು ನಿಂತಿತು. “ನಾ ಹೇಳತೇನಿ ತಡಿ” ಎಂದು ಗುಲಶನ ಏಳಹೋದಳು. ಸಕ್ರವ್ವ ಅವಳ ಭುಜ ಒತ್ತಿ ಕೂರಿಸಿದಳು.

“ಬಸಗೊಂಡಪ್ಪ” ಎಂದಳು.

ಮದುವೆಯ ಒಡಪಿನಲ್ಲಿ ಒಮ್ಮೆ ಅಂದದ್ದು, ಆಮೇಲೆ ಬಾಯಿಗೆ ತಾರದೆ ಹದಿನೆಂಟು ವರ್ಷ ಕಾದದ್ದು. ಸವೆಯಲು ಈಗ ಆಯುಷ್ಯವೇ ಇರಲಿಲ್ಲ. “ಬಸಗೊಂಡಪ್ಪ” ಎಂದು ಇನ್ನೊಮ್ಮೆ ಅಂದಳು. ಸಾಹೇಬರು ಒಮ್ಮೆಯೇ ಬರೆದುಕೊಂಡು ಸಹಿ ಮಾಡಿದರು.

ಅವರು ಹೋದ ಮೇಲೆ ಅಕ್ಕನಾಗಮ್ಮನವರು ಅಂಗಳಕ್ಕೆ ಇಳಿದರು. “ನಂದ ತಪ್ಪಾತು ಸಕ್ರವ್ವ” ಎಂದು ಅವಳ ಮೂರು ಅಕ್ಷರ ಬರೆದರು. ಎಂದೂ ಗಂಡಸಿನ ಹೆಸರು ಬರೆಯದ ಛತ್ರಿ ಅದರ ಪಕ್ಕದಲ್ಲಿ ಐದು ಅಕ್ಷರ ಬರೆಯಿತು. ಅವನ ಹೆಸರು ತನ್ನದಕ್ಕಿಂತ ಉದ್ದ ಎಂದು ಸಕ್ರವ್ವನಿಗೆ ಅವತ್ತು ಗೊತ್ತಾಯಿತು. ಸಂಜೆಯ ಗಾಳಿ ಏಳುವ ತನಕ ಅಲ್ಲೇ ಕೂತಿದ್ದಳು.

ಮಷೀನು ಬಂತು. ಈಗಲೂ ಹೊಲಿಯುತ್ತಾಳೆ.

ಸರಕಾರದಿಂದ ತಂದು ಕೊಡುವವರು ಬಹಳ. ಕೊಡುವ ಮೊದಲು ನೆಲಕ್ಕೆ ಬಗ್ಗಿ, ನೀನು ಯಾರು ಎಂದು ಕೇಳುವವರು ಎಲ್ಲೋ ಒಬ್ಬರು. ಅವರೂ ತಪ್ಪುತ್ತಾರೆ. ತಪ್ಪಿದ ಮೇಲೂ ಬಗ್ಗುತ್ತಾರೆ.