ಗೆರೆಯಕ್ಕನ ಸೈಕಲ್ ಸವಾರಿ

ನಾನು ರೋಡ್ ರೋಲರ್ ಓಡಿಸುತ್ತೇನೆ, ನನ್ನ ಹೆಂಡತಿ ರಸ್ತೆಗೆ ಬಿಳಿ ಗೆರೆ ಎಳೆಯುವ ಗಾಡಿ ಓಡಿಸುತ್ತಾಳೆ. ಇಬ್ಬರದೂ ಒಂದೇ ತಂಡ. ತಂಡದವರೆಲ್ಲ ಅವಳನ್ನು ಗೆರೆಯಕ್ಕ ಎನ್ನುತ್ತಾರೆ. ಅವಳು ಹಾಕಿದ ಗೆರೆಯನ್ನು ನಾನು ದಾಟುವುದಿಲ್ಲ ಎಂದು ನಗುವವರೂ ಇದ್ದಾರೆ. ನಗಲಿ, ಅವರವರ ಮನೆಯಲ್ಲಿ ಏನು ನಡೆಯುತ್ತದೆಂದು ನನಗೂ ಗೊತ್ತು.

ನಮ್ಮ ಮಗಳು ನಾಲ್ಕನೇ ತರಗತಿ. ಶಾಲೆ ನಮ್ಮ ಬೀದಿಯ ಆ ತುದಿಯಲ್ಲಿದೆ. ಸೈಕಲ್ಲಿನಲ್ಲೇ ಶಾಲೆಗೆ ಹೋಗಬೇಕೆಂದು ಅವಳ ಹಟ. ಮೂರು ವರ್ಷದಿಂದ ಹೆಂಡತಿಯದು ಒಂದೇ ಉತ್ತರ.

"ಈ ಹೊಂಡದ ರಸ್ತೇಲಿ ಸೈಕಲ್ಲಾ? ರಸ್ತೆ ಸರಿ ಹೋಗ್ಲಿ ಪುಟ್ಟಿ, ಆಮೇಲೆ ನಾನೇ ನಿನ್ ಜೊತೆ ಸೈಕಲ್ ತುಳ್ಕೊಂಡು ಬರ್ತೀನಿ."

ನಗರಸಭೆ ಈ ಬೀದಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು.

ಆದರೆ ಈ ವರ್ಷ ನಗರಸಭೆಗೆ ಅದೇನು ಬುದ್ಧಿ ಬಂತೋ, ಹಳೆಯ ಡಾಂಬರು ಕೆರೆದು ಹೊಸದು ಹಾಕಲು ಹೊರಟಿತು. ಹೇಗೂ ಗೆರೆಗಳನ್ನೆಲ್ಲ ಹೊಸದಾಗಿ ಎಳೆಯಬೇಕಲ್ಲ, ಅದರ ಜೊತೆಗೇ ಅಂಚಿಗೊಂದು ಸೈಕಲ್ ಪಥವನ್ನೂ ಮಾಡುವುದು ಎಂದಾಯಿತು. ಕೆಲಸ ಬಿದ್ದದ್ದು ನಮ್ಮ ತಂಡಕ್ಕೇ.

"ಸೋಮವಾರ ರಸ್ತೆ ಬಿಡ್ತಾರಂತೆ! ಅಮ್ಮ, ನಾವಿಬ್ರೂ ಸೈಕಲ್ಲಲ್ಲಿ!" ಎಂದು ಮಗಳು ಊಟದ ಹೊತ್ತಿಗೆ ಕುಣಿದಾಡಿದಳು. ಹೆಂಡತಿಯ ತುತ್ತು ಕೈಯಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ರೋಲರಿನ ನೆರಳಿನಲ್ಲಿ ಕೂತಿದ್ದಾಗ ಬಾಯಿಬಿಟ್ಟಳು. "ರೀ, ನಂಗೆ ಸೈಕಲ್ ಬರಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ನನಗೇ ಗೊತ್ತಿರಲಿಲ್ಲ! ಕುಣಿಯಲಾರದವಳು ನೆಲ ಡೊಂಕು ಎಂದಿದ್ದಳು. ಆ ನೆಲವನ್ನು ನಾನೇ ರೋಲರ್ ಹಾಯಿಸಿ ಸಮ ಮಾಡಿಬಿಟ್ಟಿದ್ದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

"ನೀವು ನಗ್ತೀರಿ. ಅಮ್ಮ ಸುಳ್ಳು ಹೇಳ್ತಾಳೆ ಅಂತ ಒಂದ್ಸಲ ಅವಳಿಗೆ ಗೊತ್ತಾದ್ರೆ, ಆಮೇಲೆ ನಾನೇನು ಹೇಳಿದ್ರೂ ನಂಬ್ತಾಳಾ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು.

ತಂಡದವರು ಊಟಕ್ಕೆ ಹೋಗಿದ್ದರು. ಬೀದಿಯ ಎರಡೂ ತುದಿಗೆ ಬ್ಯಾರಿಕೇಡ್, ವಾಹನದ ಸುಳಿವಿಲ್ಲ. ಬ್ಯಾರಿಕೇಡ್ ಕಾಯುವ ಕಾವಲುಗಾರನ ಸೈಕಲ್ ಕೇಳಿ ತಂದು ಅವಳನ್ನು ಹತ್ತಿಸಿದೆ. ಹತ್ತುವುದು, ಬೀಳುವುದು, ನನ್ನನ್ನು ಬೈಯುವುದು, ಇಷ್ಟೇ ನಡೆಯಿತು.

"ಚಕ್ರ ನೋಡ್ಬೇಡ ಕಣೇ!"

"ಮತ್ತೇನು ನೋಡ್ಲಿ, ನಿಮ್ಮ ಮುಖಾನಾ?"

"ಗೆರೆ ಎಳೆಯುವಾಗ ಏನು ನೋಡ್ತೀಯ?"

ಗೆರೆ ಎಳೆಯುವಾಗ ಅವಳು ಕೆಳಗೆ ಬೀಳುವ ಬಣ್ಣವನ್ನು ನೋಡುವವಳೇ ಅಲ್ಲ. ದೂರದ ಒಂದು ಕಂಬವನ್ನು ಆರಿಸಿಕೊಂಡು ಅದರ ಮೇಲೆಯೇ ಕಣ್ಣು ನೆಡುತ್ತಾಳೆ. ಅದಕ್ಕೇ ಅವಳ ಗೆರೆ ನೇರ. ಈಗ ತಲೆಯೆತ್ತಿ ಶಾಲೆಯ ಗೇಟನ್ನು ನೋಡುತ್ತ ತುಳಿದಳು. ಸೈಕಲ್ ಹೋಯಿತು! ಹೋಗುತ್ತಲೇ ಇತ್ತು. ನಾನು ಹುಚ್ಚನಂತೆ ಚಪ್ಪಾಳೆ ತಟ್ಟುತ್ತ ಹಿಂದೆ ಓಡಿದೆ.

ನಿಲ್ಲಿಸುವುದು ಹೇಗೆಂದು ಹೇಳಿಕೊಡಲು ಮರೆತಿದ್ದೆ. ಬ್ಯಾರಿಕೇಡ್ ಹತ್ತಿರವಾದದ್ದೇ ತಡ, ತಾನೇ ಆಗಷ್ಟೇ ಎಳೆದಿದ್ದ ಹಸಿ ಗೆರೆಯ ಮೇಲೆ ಹಾದು, ಕರಿಯ ಡಾಂಬರಿನ ಮೇಲೆ ಅತ್ತಿತ್ತ ಹೊರಳಾಡಿ, ಮರಳಿನ ಗುಡ್ಡೆಯಲ್ಲಿ ಕುಕ್ಕರಿಸಿದಳು. ಹಿಂದೆ ಎತ್ತು ಉಚ್ಚೆ ಹೊಯ್ದ ಹಾಗೆ ಚಕ್ರದ ಬಿಳಿ ಗುರುತು.

ಊಟ ಮುಗಿಸಿ ಬಂದ ಎಂಜಿನಿಯರ್ ಸಾಹೇಬರು ಅದನ್ನು ನೋಡಿ ಗುಡುಗಿದರು. "ಯಾರ ಕೆಲಸ ಇದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನನ್ನ ಹೆಂಡತಿ ಬಿಳಿ ಬಣ್ಣ ಹತ್ತಿದೆಯೇನೋ ಎಂದು ಮೆಲ್ಲಗೆ ತನ್ನ ಚಪ್ಪಲಿ ನೋಡಿಕೊಂಡಳು. ನಾನು ಮುಂದೆ ಬಂದೆ.

"ನಾನೇ ಸಾರ್."

"ಇಷ್ಟು ವಯಸ್ಸಾಗಿದೆ, ಸೈಕಲ್ ಬರಲ್ವೇನ್ರಿ? ಸೋಮವಾರ ಕಪ್ಪು ಬಣ್ಣ ಬರತ್ತೆ, ಬಂದ ತಕ್ಷಣ ಬಳಿದು ಮುಚ್ಚಿ."

ಸೋಮವಾರ ಬೆಳಿಗ್ಗೆ ಕಪ್ಪು ಬಣ್ಣಕ್ಕಿಂತ ಮೊದಲು ಮಗಳು ಬಂದಳು. ತಾಯಿ ಕಾವಲುಗಾರನ ಸೈಕಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಅಯ್ಯೋ, ಇದ್ಯಾರಪ್ಪ? ಸೈಕಲ್ಲೇ ಬರಲ್ಲ, ಪಾಪ!" ಎಂದಳು ಮಗಳು, ಚಕ್ರದ ಬಿಳಿ ಗುರುತು ನೋಡಿ.

"ನಾನೇ ಪುಟ್ಟಿ," ಎಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಮಾತು ಅಲ್ಲಿಗೇ ಮುಗಿಯಬಹುದಿತ್ತು.

"ಅಪ್ಪ ಅಲ್ಲ, ನಾನು," ಎಂದಳು ಹೆಂಡತಿ. "ನಂಗೆ ಸೈಕಲ್ ಬರ್ತಿರ್ಲಿಲ್ಲ. ಅದಕ್ಕೇ ಹೊಂಡ ಹೊಂಡ ಅಂತ ನೆಪ ಹೇಳ್ತಿದ್ದೆ. ಶನಿವಾರ ಕಲಿತೆ."

ಮಗಳ ನಗು ನಿಂತಿತು. ಗೆರೆಯಿಂದ ಮರಳಿನ ಗುಡ್ಡೆಯವರೆಗೆ ಆ ಗುರುತನ್ನೇ ನೋಡಿದಳು.

"ನಂಗೋಸ್ಕರ ಕಲಿತ್ಯಾ?"

"ಮತ್ತ್ಯಾರಿಗೋಸ್ಕರ?"

"ನಿಲ್ಸೋಕೆ ಬರತ್ತಾ?"

"ಅಷ್ಟಾಗಿ ಇಲ್ಲ. ನಿಮ್ಮಪ್ಪ ಹೇಳ್ಕೊಟ್ಟಿದ್ರೆ ತಾನೆ!"

ಮಗಳು ಮೇಷ್ಟ್ರ ಗತ್ತಿನಲ್ಲಿ ತನ್ನ ಸೈಕಲ್ ಹತ್ತಿದಳು. "ಹಾಗಾದ್ರೆ ನಾನು ಮುಂದೆ ಹೋಗ್ತೀನಿ. ನೀನು ನನ್ನೇ ನೋಡ್ಕೊಂಡು ಬಾ ಅಮ್ಮ. ಗೇಟ್ ಹತ್ರ ನಾನೇ ಹಿಡ್ಕೋತೀನಿ."

ಕೆಂಪು ಶಾಲಾಚೀಲ ಮುಂದೆ ಹೊರಟಿತು. ಹೆಂಡತಿ ತಲೆಯೆತ್ತಿ, ಗೆರೆ ಎಳೆಯುವಾಗ ಕಂಬದ ಮೇಲೆ ನೆಡುವಂತೆಯೇ, ಮಗಳ ಬೆನ್ನ ಮೇಲೆ ಕಣ್ಣು ನೆಟ್ಟಳು. ಶಾಲೆಯ ಗೇಟಿನವರೆಗೂ ಅವಳ ಚಕ್ರ ಗೆರೆಯನ್ನು ಮುಟ್ಟಲಿಲ್ಲ.