ಒಡತಿಯರ ಘಾಟು

ಕ್ರೀಡಾಂಗಣದ ಉದ್ಘಾಟನೆಯ ದಿನ ಅದರ ನೂರಾ ಎಂಬತ್ತಾರು ಮಂದಿ ಒಡತಿಯರನ್ನು ಗೇಟಿನ ಹೊರಗೆ ನಿಲ್ಲಿಸಲಾಯಿತು. ಅವರ ಸೀರೆಗಳಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು.

ಒಡತಿಯರು ಎಂದರೆ ಒಡತಿಯರೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿಗೆ ಸೇರಿ ಒಂದು ಮೈದಾನ ಬೇಕೆಂದು ಸಂಘ ಕಟ್ಟಿ ಮೋಟೆಬೆನ್ನೂರಿನ ಹತ್ತಿರ ಜಾಗ ಹಿಡಿದಾಗ, ಒಬ್ಬರಿಗೆ ಒಂದೇ ಪಾಲು, ಒಂದು ಪಾಲಿಗೆ ಸಭೆಯಲ್ಲಿ ಎತ್ತಲು ಒಂದೇ ಕೈ ಎಂದು ನಿಯಮ ಬರೆದಿದ್ದರು. ಹಾವೇರಿಯ ಅಂಗಡಿಕಾರರು ಪಾಲು ಕೊಂಡರು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು ಕೊಂಡರು. ಅವರೆಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಕೊಂಡವರು ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಅವರ ಹುಡುಗಿಯರು ಮಾರುಕಟ್ಟೆಯ ಹಿಂದೆ, ಲಾರಿ ತಿರುಗಿಸುವ ಜಲ್ಲಿಯ ಮೇಲೆ ಕಬಡ್ಡಿ ಆಡಿ ಮೊಣಕಾಲು ತರಚಿಸಿಕೊಂಡು ಬರುತ್ತಿದ್ದರು. ಹುಡುಗಿಯರಿಗೊಂದು ಮೆತ್ತನೆಯ ಅಂಕಣ, ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ. ಅದಕ್ಕಾಗಿ ಈ ಹೆಂಗಸರು ಒಂದು ವರ್ಷ ಭಾನುವಾರವೂ ರಾಶಿಯ ಮುಂದೆ ಕುಳಿತರು.

ಉದ್ಘಾಟನೆಯ ದಿನ ಅವರನ್ನು ಹೊರಗೆ ನಿಲ್ಲಿಸಿದವನು ಸಂಘದ ಅಧ್ಯಕ್ಷ ಶಶಿಕಾಂತ. ಬ್ಯಾಡಗಿಯ ದಲಾಲ. ಆ ಹೆಂಗಸರಲ್ಲಿ ಅರ್ಧದಷ್ಟು ಮಂದಿ ದುಡಿಯುತ್ತಿದ್ದುದು ಅವನ ಅಂಗಡಿಯ ಕಟ್ಟೆಯ ಮೇಲೆಯೇ.

"ಪ್ರೇಮವ್ವ, ದೊಡ್ಡ ಮಂದಿ ಬಂದಾರ. ಸೀನಾಕತ್ಯಾರ. ಐದ ನಿಮಿಷ ಹೊರಗ ನಿಂದರ್ರಿ, ನಾನ ಕರೀತೀನಿ" ಎಂದಿದ್ದ.

ಅವನ ಕಟ್ಟೆಯಲ್ಲೇ ದುಡಿಯುವ ಪ್ರೇಮವ್ವ ನಂಬಿದಳು. ಅವಳ ಮಾತು ಕೇಳಿ ಉಳಿದವರೂ ನಿಂತರು. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಗೋಡೆಯಾಚೆಯ ಚಪ್ಪಾಳೆ ಕೇಳಿದರು. ಆಮೇಲೆ ಒಳಗಿನವರು ಉಳಿದ ಪಲಾವನ್ನು ಗೇಟಿನ ಸರಳುಗಳ ನಡುವೆ ಹಾಯಿಸಿ ಕೊಟ್ಟರು. ಪ್ರೇಮವ್ವ ಅದನ್ನು ಉಂಡಳು. ಹಸಿವಾಗಿತ್ತು. ಆ ತುತ್ತು ಎರಡು ವರ್ಷ ಅವಳ ಗಂಟಲಲ್ಲೇ ಕುಳಿತಿತ್ತು. ಶಶಿಕಾಂತನ ಅಡುಗೆಮನೆಯ ಡಬ್ಬಿಯಲ್ಲಿರುವ ಖಾರದ ಪುಡಿಗೂ ಇದೇ ಘಾಟು. ಅಲ್ಲಿ ಅದಕ್ಕೆ ರುಚಿ ಎಂದು ಹೆಸರು.

ಎರಡು ವರ್ಷದ ಮೇಲೆ ನೋಟೀಸು ಬಂತು. ಕ್ರೀಡಾಂಗಣವನ್ನು ಮೂವತ್ತು ವರ್ಷ ಒಂದು ಕಲ್ಯಾಣಮಂಟಪದ ಕಂಪನಿಗೆ ವಹಿಸುವ ಠರಾವು. ಕಂಪನಿ ಶಶಿಕಾಂತನ ಅಳಿಯನದು. ಹುಡುಗಿಯರ ಕಬಡ್ಡಿ ಅಂಕಣ ಇರುವಲ್ಲಿ ಕಾರು ನಿಲ್ಲಿಸುವುದು. ಸಭೆ ಸೋಮವಾರ, ಹನ್ನೊಂದಕ್ಕೆ.

ಓದಿ ಹೇಳಿದವಳು ಪ್ರೇಮವ್ವನ ಮಗಳು ಭುವನಾ. ದಿನಾ ಸಂಜೆ ಆ ಅಂಕಣದಲ್ಲಿ ನಲವತ್ತು ಹುಡುಗಿಯರಿಗೆ ಆಟ ಕಲಿಸುವವಳು.

"ಸೋಮವಾರನ ಯಾಕ ಇಟ್ಟಾನ, ತಿಳೀತೇನವ್ವಾ?"

"ಸೋಮವಾರ ಬ್ಯಾಡಗಿ ದೊಡ್ಡ ಪ್ಯಾಟಿ. ನಾವು ರಾಶಿ ಬಿಟ್ಟು ಏಳೂದಿಲ್ಲಂತ ಇಟ್ಟಾನ."

"ಅವನ ಕಡೆ ನೂರಾ ಇಪ್ಪತ್ತು ಕೈ ಅದಾವ. ನೀವು ಬಂದ್ರ ಠರಾವು ಬೀಳತೈತಿ. ಬರಲಿಲ್ಲಂದ್ರ ನನ್ನ ಹುಡುಗ್ಯಾರು ಮತ್ತ ಜಲ್ಲಿ ಮ್ಯಾಲ."

"ಸೋಮವಾರದ ಪಗಾರ ಹೋಗತೈತೆಲ್ಲ" ಎಂದಳು ಪಕ್ಕದ ಮನೆಯ ಶೇಖವ್ವ.

"ಹೋಗಲಿ ಬಿಡ. ಗೇಟಿನ ಹೊರಗ ಪಲಾವ ತಿಂದೀಯಲ್ಲ, ಅದರಾಗ ಮುರ್ಕೋ" ಎಂದಳು ಪ್ರೇಮವ್ವ.

ಶೇಖವ್ವ ಎದ್ದು ಪಾಲಿನ ಪತ್ರ ಹುಡುಕಲು ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಶಶಿಕಾಂತನ ಅಂಗಡಿಯ ಮುಂದೆ ಎರಡು ರಾಶಿ ಬಿದ್ದಿದ್ದವು. ಒಂದು ಬ್ಯಾಡಗಿ ಕಾಯಿ: ಬಣ್ಣ ಹೆಚ್ಚು, ಖಾರ ಕಡಿಮೆ. ಇನ್ನೊಂದು ಗುಂಟೂರು ಕಾಯಿ. ಅದರ ಮುಂದೆ ಒಂದು ತಾಸು ಕೂತರೆ ಕಣ್ಣು ಊದಿಕೊಳ್ಳುತ್ತದೆ. ರಾತ್ರಿ ಮಗುವನ್ನು ಮುಟ್ಟಿದರೆ ಮಗು ಅಳುತ್ತದೆ. ಆ ರಾಶಿ ತಪ್ಪಿಸಿಕೊಳ್ಳಲು ದಿನವೂ ಜಗಳ. ಅವತ್ತು ಪ್ರೇಮವ್ವ ನೇರವಾಗಿ ಹೋಗಿ ಗುಂಟೂರು ರಾಶಿಯ ಮುಂದೆ ಗೋಣಿತಟ್ಟು ಹಾಸಿದಳು. ಬಾಯಿಗೆ ಕಟ್ಟುವ ಬಟ್ಟೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು.

"ಏ, ಹುಚ್ಚ ಹಿಡದೈತೇನ? ಅಲ್ಲ್ಯಾಕ ಕುಂದರಾಕತ್ತಿ?" ಎಂದಳು ಶೇಖವ್ವ.

"ಅವತ್ತಿನ ಘಾಟು ಸಾಲಲಿಲ್ಲ. ಗೇಟಿನ ತನಕ ಹೋಗಿ ನಿಂತಬಿಡ್ತು. ಇವತ್ತ ಒಳಗ ಮುಟ್ಟಬೇಕು."

ಶೇಖವ್ವ ತನ್ನ ತಟ್ಟು ಎತ್ತಿಕೊಂಡು ಬಂದು ಅವಳ ಪಕ್ಕ ಕುಳಿತಳು. ಮಾತು ಕಟ್ಟೆಯಿಂದ ಕಟ್ಟೆಗೆ ದಾಟಿತು. ಬೇರೆ ಅಂಗಡಿಗಳಿಂದಲೂ ಹೆಂಗಸರು ಬಂದು ಆ ರಾಶಿಯ ಸುತ್ತ ಸೇರಿದರು. ಖಾಲಿ ಚೀಲಗಳನ್ನು ತಲೆಯ ಮೇಲೆ ಕೊಡವಿದರು. ಮುದುಕಿಯೊಬ್ಬಳು ಬೀಜವನ್ನು ಮಡಿಲಿಗೇ ತುಂಬಿಕೊಂಡಳು. ನಾಲ್ಕು ತಾಸು ಕೆಮ್ಮಿದರು, ನಕ್ಕರು, ಮತ್ತೆ ಕೆಮ್ಮಿದರು.

ಹತ್ತಕ್ಕೆ ರಾಶಿ ಅರ್ಧ ಬಿಟ್ಟು ಎದ್ದರು. ಚೀಲ ಸಾಗಿಸುವ ಶಮಶೇರಸಾಬ ನಾಲ್ಕು ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಹೆಂಗಸರು ಹತ್ತುತ್ತಿದ್ದಂತೆ ರುಮಾಲಿನಿಂದ ಮೂಗು ಮುಚ್ಚಿಕೊಂಡ.

"ಅಕ್ಕಾರ, ಖರೇ ಹೇಳ್ತೀನಿ, ನನ್ನ ಟ್ರ್ಯಾಕ್ಟರೂ ಕೆಮ್ಮಾಕತ್ತೈತಿ."

"ನಡಿಯೋ ತಮ್ಮಾ ಲಗೂ. ಈ ಘಾಟು ಆರೋದರಾಗ ಮುಟ್ಟಸು."

ಸಭೆ ಇದ್ದುದು ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಹಾಲಿನಲ್ಲಿ. ಕಿಟಕಿ ಮುಚ್ಚಿ ಎಸಿ ಹಾಕಿದ್ದರು. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ, ರಾಣೆಬೆನ್ನೂರಿನ ನಿರ್ಮಲಾ, ಹಾಜರಿ ಪುಸ್ತಕ ಹಿಡಿದು ಕುಳಿತಿದ್ದಳು. ನೂರಾ ಎಂಬತ್ತಾರು ಹೆಂಗಸರು ಒಬ್ಬೊಬ್ಬರೇ ಪಾಲಿನ ಪತ್ರ ತೋರಿಸಿ ಒಳಗೆ ಬಂದರು. ಕುರ್ಚಿ ಸಾಲದೆ ಸಾಲುಗಳ ನಡುವೆ ನೆಲದ ಮೇಲೆ, ವೇದಿಕೆಯ ಬುಡದವರೆಗೂ ಕುಳಿತರು. ಕುಳಿತವರು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಎಸಿ ಐತೆಲ್ಲವಾ, ಯಾಕ ಬೀಸ್ಕೊಳ್ಳಾಕತ್ತೀರಿ?" ಎಂದ ಹಾವೇರಿಯ ಬಟ್ಟೆ ಅಂಗಡಿಯವನೊಬ್ಬ.

"ನಮಗ ರೂಢಿ ಇಲ್ಲ್ರೀ ಯಪ್ಪಾ" ಎಂದು ಶೇಖವ್ವ ಇನ್ನೂ ಜೋರಾಗಿ ಬೀಸಿದಳು.

ಅವನು ಸೀನಿದ. ಅವನ ಹಿಂದಿನವನು ಸೀನಿದ. ಎಸಿ ತನ್ನ ಕೆಲಸ ಮಾಡಿತು. ಘಾಟನ್ನು ಯಾರಿಗೂ ಕಡಿಮೆಯಾಗದಂತೆ ಹಂಚಿತು. ಶಶಿಕಾಂತ ಎದ್ದು ನಿಂತು "ಮೂವತ್ತು ವರ್ಷಗಳ ಅವಧಿಗೆ" ಎಂದು ಓದಲು ಹೊರಟು ಕೆಮ್ಮಿದ. ನೀರು ಕುಡಿದು ಮತ್ತೆ ಓದಿದ. ಮೂವತ್ತರ ಆಚೆ ದಾಟಲಾಗಲಿಲ್ಲ. ಕಣ್ಣಿಂದ ನೀರು ಸುರಿಯಿತು. ಅದನ್ನು ಪ್ರೇಮವ್ವ ಕಣ್ಣು ಕದಲಿಸದೆ ನೋಡಿದಳು.

"ಪ್ರೇಮವ್ವ" ಎಂದ, ಗಂಟಲು ಹಿಡಿದುಕೊಂಡು. "ಎಲ್ಲಾರನೂ ಕರಕೊಂಡ ಹೊರಗ ಹೋಗು. ಸೆರಗು ಕೊಡವಿಕೊಂಡ ಬರ್ರಿ. ಐದ ನಿಮಿಷ."

ಹೆಂಗಸರ ಸೆರಗುಗಳು ಒಮ್ಮೆಗೇ ನಿಂತವು.

ನಿರ್ಮಲಾ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ಈಗ ಬಾಗಲಾ ಹಾಕಿ ಕೈ ಎಣಿಸೂದೈತ್ರಿ. ಹೊರಗ ಇದ್ದವರ ಕೈ ಲೆಕ್ಕಕ್ಕಿಲ್ಲ."

"ನಿನ್ನ ಯಾರು ಕೇಳಿದ್ರು?" ಎಂದ ಶಶಿಕಾಂತ. ಮತ್ತೆ ಪ್ರೇಮವ್ವನ ಕಡೆ ತಿರುಗಿದ. "ಎಲ್ಲಿ ಕಾಯಿ ಇವು? ಮಂದಿ ಕೂಡೋ ಜಾಗಕ್ಕ ಹಿಂಗ ಬರ್ತಾರೇನು?"

"ಗುರ್ತಾ ಹತ್ತಲಿಲ್ಲೇನ್ರಿ? ನಿಮ್ಮ ಅಂಗಡೀವ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಟ್ಟೆ ಅಂಗಡಿಯವನಿಗೂ ಕೆಮ್ಮಿನ ನಡುವೆ ನಗು ಬಂತು.

"ನಾಳಿಂದ ನನ್ನ ಕಟ್ಟಿ ಹತ್ತಬ್ಯಾಡ ನೀನು. ಒಬ್ಬಾಕೀನೂ ಹತ್ತಬ್ಯಾಡ್ರಿ."

"ಹತ್ತೂದಿಲ್ಲ ಬಿಡ್ರಿ. ಗುಂಟೂರ ರಾಶಿ ಅರ್ಧಾ ಬಿಟ್ಟ ಬಂದೇವಿ. ತೊಟ್ಟು ನೀವ ಬಿಡಿಸ್ಕೋರಿ, ನಿಮ್ಮ ಅಳಿಯನ್ನೂ ಕುಂದರಿಸ್ಕೋರಿ."

ಅವನು ವೇದಿಕೆಯಿಂದ ಇಳಿದು ಅವಳ ಮುಂದೆ ಬಂದು ನಿಂತ. ಬಾಗಿಲ ಕಡೆ ಬೆರಳು ಚಾಚಿದ.

"ಕಡೀ ಸಲ ಹೇಳಾಕತ್ತೇನಿ. ಎದ್ದು ಹೊರಗ ಹೋಗು."

ಇಪ್ಪತ್ತೆರಡು ವರ್ಷ ಪ್ರೇಮವ್ವ ಆ ಮನುಷ್ಯನಿಗೆ 'ರಿ' ಹಚ್ಚದೆ ಒಂದು ಮಾತೂ ಆಡಿರಲಿಲ್ಲ. ಕುಳಿತಲ್ಲಿಂದಲೇ ಸೆರಗನ್ನು ಬಿಡಿಸಿ, ಅವನ ಮುಖದ ಎತ್ತರಕ್ಕೆ ಎತ್ತಿ, ಒಮ್ಮೆ ಚೆನ್ನಾಗಿ ಕೊಡವಿದಳು. ಮಡಚಿ ಮತ್ತೆ ಹೊದ್ದುಕೊಂಡಳು.

"ಒಲ್ಲೆ" ಎಂದಳು. "ನೀ ಹೋಗು ಹೊರಗ. ಐದ ನಿಮಿಷ ನಿಂದರು. ನಾವ ಕರೀತೇವಿ."